ಅಪ್ಪನ ಮಸ್ಟ್ಯಾಂಗ್: ಮೀಟರ್ ಬದಲಿಸಲೇ, ಉಳಿಸಲೇ?

ಪ್ರಶ್ನೆ: ನನ್ನ ತಂದೆ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದವರು. ಇಲ್ಲಿ ಅವರು ಕೊಂಡ ಮೊದಲ ಕಾರು 1967ರ ಫೋರ್ಡ್ ಮಸ್ಟ್ಯಾಂಗ್ ಫಾಸ್ಟ್‌ಬ್ಯಾಕ್, 390 ಎಂಜಿನ್ನಿನದು. ಕಳೆದ ವರ್ಷ ಅವರು ತೀರಿಕೊಂಡರು. ಗ್ಯಾರೇಜಿನಲ್ಲಿ ಬಹಳ ಕಾಲದಿಂದ ನಿಂತೇ ಇದ್ದ ಕಾರನ್ನು ಈಗ ರಿಪೇರಿ ಮಾಡಿಸುತ್ತಿದ್ದೇನೆ. ಎಂಜಿನ್ ಸರಿಹೋಗಿದೆ, ಆದರೆ ಡ್ಯಾಶ್‌ಬೋರ್ಡ್ ಮೀಟರ್‌ಗಳನ್ನು ನಂಬುವ ಹಾಗಿಲ್ಲ. ಪೆಟ್ರೋಲ್ ಮುಳ್ಳು ಏಳುವುದೇ ಇಲ್ಲ. ಟೆಂಪರೇಚರ್ ಮತ್ತು ಆಯಿಲ್ ಪ್ರೆಶರ್ ಮುಳ್ಳುಗಳು ಒಮ್ಮೊಮ್ಮೆ ಒಟ್ಟಿಗೇ ಕೊನೆಯವರೆಗೆ ಏರಿಬಿಡುತ್ತವೆ. ಸ್ಪೀಡೋಮೀಟರ್ ಮುಳ್ಳು ನಡುಗುತ್ತದೆ, ಓಡೋಮೀಟರ್ ನಿಂತುಹೋಗಿದೆ. ವರ್ಕ್‌ಶಾಪಿನವರು ಎಲ್ಲ ತೆಗೆದು ಡಿಜಿಟಲ್ ಹಾಕೋಣ ಎನ್ನುತ್ತಾರೆ; ಹಳೆಯ ರೂಪವೇ ಬೇಕೆಂದರೆ ಹೊಸ ಸ್ಪೀಡೋಮೀಟರ್ ಕೂರಿಸಿ ಸೊನ್ನೆಯಿಂದ ಶುರು ಮಾಡೋಣ ಎಂಬುದು ಅವರ ಇನ್ನೊಂದು ಸಲಹೆ. ಅಮ್ಮ ಮಾತ್ರ, ‘ಅವರು ನೋಡ್ತಿದ್ದ ಮೀಟರ್ ಅದು, ಒಂದನ್ನೂ ಮುಟ್ಟಬೇಡ’ ಅನ್ನುತ್ತಾರೆ. ನಾನೇ ಬಿಚ್ಚಿದರೆ ಕೆಡಿಸಿಬಿಡುತ್ತೇನೋ ಎಂಬ ಹೆದರಿಕೆ. ಏನು ಮಾಡಲಿ?
— ಹೆಸರು ಬೇಡ, ಟ್ರಾಯ್, ಮಿಷಿಗನ್

ಉತ್ತರ: ಡಿಜಿಟಲ್ ಬೇಡ. ಸೊನ್ನೆಯಿಂದ ಶುರುವಾಗುವ ಓಡೋಮೀಟರ್ ಅಂತೂ ಖಂಡಿತ ಬೇಡ. ಹಾಗೆಂದು ಏನನ್ನೂ ಮುಟ್ಟದೆ ಬಿಡುವಂತೆಯೂ ಇಲ್ಲ. ಟೆಂಪರೇಚರ್ ಮೀಟರ್ ಸುಳ್ಳು ಹೇಳುತ್ತಿದ್ದರೆ, ನಿಜವಾಗಿ ಎಂಜಿನ್ ಕುದಿಯುವ ದಿನ ನಿಮಗೆ ತಿಳಿಯುವುದೇ ಇಲ್ಲ. ಒಳಗಿನ ಕೆಲಸ ಸರಿಪಡಿಸಿ, ಹೊರಗಿನ ಮುಖ ಇದ್ದಂತೆಯೇ ಇರಲಿ. ನಿಮಗೂ ಅಮ್ಮನಿಗೂ ಒಪ್ಪುವ ದಾರಿ ಇದು, ಕಾರಿಗೂ ಇದೇ ಒಳ್ಳೆಯದು.

ಕಾರಿನ ಸೀರಿಯಲ್ ನಂಬರ್ ಒಮ್ಮೆ ನೋಡಿ. ಅದು 7ಎಫ್02ಎಸ್ ಎಂದು ಶುರುವಾಗಿದ್ದರೆ, 7 ಅಂದರೆ 1967, ಎಫ್ ಅಂದರೆ ನಿಮ್ಮ ಪಕ್ಕದ ಡಿಯರ್‌ಬಾರ್ನ್ ಕಾರ್ಖಾನೆ, 02 ಅಂದರೆ ಫಾಸ್ಟ್‌ಬ್ಯಾಕ್, ಎಸ್ ಅಂದರೆ 320 ಅಶ್ವಶಕ್ತಿಯ 390 ವಿ8. ಮಸ್ಟ್ಯಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ 17ರಂದು. ಅಷ್ಟು ದೊಡ್ಡ ಎಂಜಿನ್ ಹಿಡಿಸುವಂತೆ ಫೋರ್ಡ್ ಅದರ ಮೈಯನ್ನು ಅಗಲ ಮಾಡಿದ್ದು 1967ರ ಮಾದರಿಯಲ್ಲೇ. ಇಂಥ ಕಾರಿನಲ್ಲಿ ಕಾರ್ಖಾನೆಯ ಮೀಟರ್‌ಗಳು ಉಳಿದಿರುವುದೇ ದೊಡ್ಡ ಆಸ್ತಿ. ಬಿಚ್ಚಿ ಎಸೆದರೆ ಮತ್ತೆ ಸಿಗುವ ವಸ್ತುವಲ್ಲ.

ಈಗ ರೋಗಕ್ಕೆ ಬರೋಣ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ: ಎರಡು ಮುಳ್ಳುಗಳು ‘ಒಟ್ಟಿಗೇ’ ಏರುತ್ತವೆ ಎಂದಿದ್ದೀರಿ. ಈ ಕಾರಿನ ಪೆಟ್ರೋಲ್, ಟೆಂಪರೇಚರ್, ಆಯಿಲ್ ಮೀಟರ್‌ಗಳು ಬ್ಯಾಟರಿಯ 12 ವೋಲ್ಟ್ ಮೇಲೆ ನಡೆಯುವುದಿಲ್ಲ. ಮೀಟರ್‌ಗಳೆಲ್ಲ ಕೂತಿರುವ ಚೌಕಟ್ಟಿನ, ಅಂದರೆ ಕ್ಲಸ್ಟರಿನ, ಬೆನ್ನಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ವೋಲ್ಟೇಜ್ ರೆಗ್ಯುಲೇಟರ್ ಇದೆ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಹಾಗೆ, ಅದರೊಳಗಿನ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಕೂಡಿಸುತ್ತದೆ. ಹೀಗೆ ಬಿಟ್ಟು ಹಿಡಿದು ಅದು ಕೊಡುವ ಸರಾಸರಿ ಸುಮಾರು 5 ವೋಲ್ಟ್. ಆ ಪಟ್ಟಿ ಬಿಸಿಯಾಗಬೇಕಾದರೆ ರೆಗ್ಯುಲೇಟರಿನ ಮೈಗೆ ಅರ್ಥ್ ಸಿಗಬೇಕು. ಹಿಡಿದಿರುವ ತಿರುಪು ತುಕ್ಕು ಹಿಡಿದು ಅರ್ಥ್ ತಪ್ಪಿದರೆ ಪಟ್ಟಿ ಬಾಗುವುದಿಲ್ಲ, 12 ವೋಲ್ಟ್ ನೇರವಾಗಿ ಮೀಟರ್‌ಗಳಿಗೆ ನುಗ್ಗುತ್ತದೆ. ಮುಳ್ಳುಗಳು ಕೊನೆಗೆ ಹೋಗಿ ಬಡಿಯುವುದು ಆಗಲೇ. ಇದನ್ನು ಹಾಗೇ ಬಿಟ್ಟರೆ ಮೀಟರಿನೊಳಗಿನ ಸುರುಳಿ ಸುಟ್ಟುಹೋಗುತ್ತದೆ, ಆಮೇಲೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಅದಕ್ಕೇ ಈ ಕೆಲಸ ಮೊದಲು.

ಒಂದು ಸೂತ್ರ ನೆನಪಿಡಿ. ಎಲ್ಲ ಮುಳ್ಳುಗಳೂ ಸತ್ತಿದ್ದರೆ ವಿದ್ಯುತ್ ಪೂರೈಕೆ ಅಥವಾ ರೆಗ್ಯುಲೇಟರ್. ಎಲ್ಲವೂ ಒಟ್ಟಿಗೆ ಹೆಚ್ಚು ತೋರಿದರೆ ರೆಗ್ಯುಲೇಟರ್ ಅಥವಾ ಅದರ ಅರ್ಥ್. ಒಂದೇ ಒಂದು ತಪ್ಪು ತೋರಿದರೆ ಆ ಮೀಟರ್, ಅದರ ವೈರು, ಇಲ್ಲವೇ ಆ ತುದಿಯಲ್ಲಿ ಅಳತೆ ಕಳಿಸುವ ಸೆಂಡರ್. ರೆಗ್ಯುಲೇಟರನ್ನು ಡಿಜಿಟಲ್ ಮಲ್ಟಿಮೀಟರಿನಲ್ಲಿ ಅಳೆದರೆ ಅಂಕಿಗಳು ಕುಣಿಯುತ್ತವೆ. ಅದು ಕೆಟ್ಟಿದೆ ಎಂದರ್ಥವಲ್ಲ, ಅದರ ಕೆಲಸವೇ ಹಾಗೆ. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ, ಮಿಣುಕಿದರೆ ರೆಗ್ಯುಲೇಟರ್ ಜೀವಂತವಾಗಿದೆ. ಹೊಸದು ಬೇಕಾದರೆ ಸ್ಥಿರವಾಗಿ 5 ವೋಲ್ಟ್ ಕೊಡುವ ಸಾಲಿಡ್ ಸ್ಟೇಟ್ ರೆಗ್ಯುಲೇಟರ್ ಸಿಗುತ್ತದೆ. ಅದು ಡ್ಯಾಶ್‌ಬೋರ್ಡಿನ ಹಿಂದೆ ಕೂರುವುದರಿಂದ ಕಾರಿನ ರೂಪಕ್ಕೆ ಧಕ್ಕೆಯಿಲ್ಲ.

ಪೆಟ್ರೋಲ್ ಮುಳ್ಳಿನ ಸಮಸ್ಯೆ ಬೇರೆಯದು. ಫೋರ್ಡ್‌ನ ಈ ಮೀಟರ್‌ಗಳಿಗೆ ಸೆಂಡರ್ ಕಡೆಯಿಂದ ಸುಮಾರು 73 ಓಮ್ ಬಂದರೆ ಟ್ಯಾಂಕ್ ಖಾಲಿ, 10 ಓಮ್ ಬಂದರೆ ಭರ್ತಿ. ರೆಗ್ಯುಲೇಟರ್ ಸರಿಯಾದ ಮೇಲೆ, ಟ್ಯಾಂಕಿನ ಬಳಿ ಸೆಂಡರ್ ವೈರು ಬಿಡಿಸಿ, 10 ಓಮ್ ರೆಸಿಸ್ಟರ್ ಮೂಲಕ ಅರ್ಥ್‌ಗೆ ಕೊಟ್ಟು ಕೀ ತಿರುಗಿಸಿ, ಒಂದು ನಿಮಿಷ ಕಾಯಿರಿ. ಈ ಮೀಟರ್‌ಗಳು ಶಾಖದಿಂದ ನಡೆಯುವಂಥವು, ಮುಳ್ಳು ನಿಧಾನವಾಗಿಯೇ ಏರುತ್ತದೆ. ಭರ್ತಿ ತೋರಿದರೆ ಮೀಟರೂ ವೈರೂ ಚೆನ್ನಾಗಿವೆ, ದೋಷ ಟ್ಯಾಂಕಿನೊಳಗಿದೆ. ನಿಮ್ಮ ಕಾರಿನಲ್ಲೂ ಹಾಗೆಯೇ ಇರುವ ಸಂಭವ ಹೆಚ್ಚು: ವರ್ಷಗಟ್ಟಲೆ ನಿಂತ ಕಾರಿನಲ್ಲಿ ಸೆಂಡರಿನ ತಂತಿ ತುಕ್ಕು ತಿನ್ನುತ್ತದೆ, ಇಲ್ಲವೇ ಹಿತ್ತಾಳೆಯ ಫ್ಲೋಟ್ ತೂತಾಗಿ ಪೆಟ್ರೋಲ್ ಕುಡಿದು ಮುಳುಗುತ್ತದೆ. ಹೊರತೆಗೆದ ಫ್ಲೋಟನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗೆ ದ್ರವ ಇದ್ದರೆ ಕೇಳಿಸುತ್ತದೆ. ಟ್ಯಾಂಕ್ ಕೆಲಸವನ್ನು ಮಾತ್ರ ವರ್ಕ್‌ಶಾಪಿಗೇ ಬಿಡಿ. ಪೆಟ್ರೋಲ್ ಪೂರ್ತಿ ಇಳಿಸಿ, ಕಿಡಿ ಹಾರದ ಹಿತ್ತಾಳೆ ಉಪಕರಣದಿಂದ ಮಾಡಬೇಕಾದ ಕೆಲಸ ಅದು. ಟೆಂಪರೇಚರ್ ಅಥವಾ ಆಯಿಲ್ ಸೆಂಡರ್ ಬದಲಿಸಿದರೆ ಅದರ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಅವಕ್ಕೆ ಅರ್ಥ್ ಸಿಗುವುದು ಥ್ರೆಡ್ ಮೂಲಕವೇ.

ಸ್ಪೀಡೋಮೀಟರ್ ಮುಳ್ಳಿನ ನಡುಕಕ್ಕೆ ಬಹುತೇಕ ಕೇಬಲ್ ಕಾರಣ. ಒಣಗಿದ ಅಥವಾ ಚೂಪಾಗಿ ಬಾಗಿದ ಕೇಬಲ್ ತಡೆತಡೆದು ತಿರುಗುತ್ತದೆ. ಒಳತಂತಿಯನ್ನು ಎಳೆದು ಒರೆಸಿ, ಕೆಳಗಿನ ಮುಕ್ಕಾಲು ಭಾಗಕ್ಕಷ್ಟೇ ತೆಳುವಾಗಿ ಗ್ರೀಸ್ ಹಚ್ಚಿ. ಮೇಲಿನ ತುದಿಗೂ ಹಚ್ಚಿದರೆ ಅದು ಮೀಟರಿನೊಳಕ್ಕೆ ಏರುತ್ತದೆ. ಆ ಕಾಲದ ಅಮೆರಿಕದ ಕಾರುಗಳಲ್ಲಿ ಕೇಬಲ್ ಒಂದು ಮೈಲಿಗೆ ಸಾವಿರ ಸುತ್ತು ತಿರುಗುವಂತೆ ಲೆಕ್ಕ ಹಾಕಿರುತ್ತಿದ್ದರು. ಟೈರ್ ಅಳತೆ ಅಥವಾ ಹಿಂದಿನ ಆ್ಯಕ್ಸಲ್ ಬದಲಾಗಿದ್ದರೆ ಆ ಲೆಕ್ಕ ತಪ್ಪುತ್ತದೆ. ಫೋನಿನ ಜಿಪಿಎಸ್ ಜೊತೆ ಹೋಲಿಸಿ. ವ್ಯತ್ಯಾಸವಿದ್ದರೆ ಗೇರ್‌ಬಾಕ್ಸಿನ ಬಾಲದಲ್ಲಿರುವ ಪುಟ್ಟ ಪ್ಲಾಸ್ಟಿಕ್ ಗೇರನ್ನು ಸರಿಯಾದ ಹಲ್ಲುಗಳದ್ದಕ್ಕೆ ಬದಲಿಸಿದರೆ ಸಾಕು.

ಓಡೋಮೀಟರ್ ಹಲ್ಲುಗಳ ಕೆಲಸ ಸೂಕ್ಷ್ಮವಾದದ್ದು. ಅದನ್ನು ಹಳೆಯ ಸ್ಪೀಡೋಮೀಟರ್‌ಗಳನ್ನೇ ರಿಪೇರಿ ಮಾಡುವ ಪರಿಣತರಿಗೆ ಕಳಿಸಿ, ಈಗಿರುವ ಅಂಕಿಯಲ್ಲೇ ವಾಪಸು ಬೇಕೆಂದು ಬರೆದು ಕೊಡಿ. ಇದು ಬರೀ ಭಾವನೆಯ ಮಾತಲ್ಲ, ಕಾನೂನಿನ ಮಾತೂ ಹೌದು. 1972ರಿಂದ ಅಮೆರಿಕದ ಫೆಡರಲ್ ಕಾನೂನು ಓಡೋಮೀಟರ್ ತಿದ್ದುವುದನ್ನು ನಿಷೇಧಿಸಿದೆ. ರಿಪೇರಿ ಮಾಡಬಹುದು, ಆದರೆ ಅಂಕಿ ಹಾಗೆಯೇ ಉಳಿಯಬೇಕು. ಉಳಿಸಲು ಸಾಧ್ಯವೇ ಇಲ್ಲದಿದ್ದರೆ ಮಾತ್ರ ಸೊನ್ನೆಗೆ ಇಟ್ಟು, ಹಳೆಯ ಅಂಕಿಯನ್ನೂ ರಿಪೇರಿಯ ದಿನಾಂಕವನ್ನೂ ಬರೆದ ಚೀಟಿಯನ್ನು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು. ನಿಮ್ಮ ತಂದೆ ಓಡಿಸಿದ ಒಂದೊಂದು ಮೈಲಿಯೂ ಆ ಅಂಕಿಯಲ್ಲಿ ಸೇರಿದೆ. ಅದನ್ನು ಅಳಿಸಿ ಕಾರು ಹೊಸದಾಗುವುದಿಲ್ಲ.

ಬಿಚ್ಚುವ ಹೆದರಿಕೆ ಬಗ್ಗೆ. ಬ್ಯಾಟರಿಯ ನೆಗೆಟಿವ್ ಬಿಡಿಸದೆ ಕೈ ಹಾಕಬೇಡಿ. ಸ್ಟೀರಿಂಗ್ ಕಂಬಕ್ಕೆ ದಪ್ಪ ಬಟ್ಟೆ ಸುತ್ತಿ. ತಿರುಪು ತೆಗೆದ ಮೇಲೆ ಕ್ಲಸ್ಟರನ್ನು ಎಳೆಯಬೇಡಿ. ಹಿಂದೆ ಕೈ ಹಾಕಿ ಸ್ಪೀಡೋಮೀಟರ್ ಕೇಬಲ್ ಬಿಡಿಸಿ, ಆಮೇಲೆ ಹೊರತನ್ನಿ. ಪ್ರತಿ ಹಂತದಲ್ಲೂ ಫೋಟೋ ತೆಗೆದಿಡಿ. ಹಿಂಬದಿಯ ಪ್ರಿಂಟೆಡ್ ಸರ್ಕ್ಯೂಟಿನ ತಾಮ್ರ ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ. ಡಯಲ್ ಮೇಲಿನ ಧೂಳಿಗೆ ಮೃದುವಾದ ಬ್ರಷ್ ಸಾಕು. ಬಟ್ಟೆಯಲ್ಲಿ ಒರೆಸಿದರೆ ಅಚ್ಚಾದ ಅಂಕಿಗಳೇ ಎದ್ದುಬರಬಹುದು. ಮುಂದಿನ ಪ್ಲಾಸ್ಟಿಕ್ಕಿಗೆ ಗಾಜು ಒರೆಸುವ ಅಮೋನಿಯಾ ದ್ರವ ತಾಗಿಸಬೇಡಿ, ಪ್ಲಾಸ್ಟಿಕ್ ಪಾಲಿಶ್ ಬಳಸಿ. ಮುಳ್ಳನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಇಷ್ಟು ಪಾಲಿಸಿದರೆ ತಾಳ್ಮೆಯಿರುವ ಯಾರಾದರೂ ಈ ಕೆಲಸ ಮಾಡಬಹುದು.

ಕೊನೆಯದಾಗಿ ನಿಮ್ಮ ತಾಯಿಯವರ ಮಾತು. ಅವರು ಹೆದರುತ್ತಿರುವುದು ರಿಪೇರಿಗಲ್ಲ, ಯಜಮಾನರದ್ದು ಎನ್ನುವ ಇನ್ನೊಂದು ವಸ್ತುವೂ ಕೈಬಿಟ್ಟು ಹೋದೀತೆಂಬುದಕ್ಕೆ. ಆದ್ದರಿಂದ ಅವರನ್ನು ದೂರವಿಟ್ಟು ಕೆಲಸ ಮುಗಿಸಬೇಡಿ. ಏನು ತೆಗೆಯುತ್ತೀರಿ, ಏಕೆ ತೆಗೆಯುತ್ತೀರಿ ಎಂದು ಮೊದಲೇ ತೋರಿಸಿ. ಬದಲಿಸಿದ ರೆಗ್ಯುಲೇಟರ್, ಸೆಂಡರ್, ಕೇಬಲ್ ಎಲ್ಲವನ್ನೂ ಹೆಸರು ಬರೆದು ಒಂದು ಡಬ್ಬಿಯಲ್ಲಿಟ್ಟು ಅವರ ಕೈಗೇ ಕೊಡಿ. ಮಾಸಿದ ಡಯಲ್, ಪ್ಲಾಸ್ಟಿಕ್ ಮೇಲಿನ ಗೀರು ಇರಲಿ ಅಥವಾ ಬೇಡ ಎಂಬ ತೀರ್ಮಾನವೂ ಅವರದೇ ಆಗಲಿ. ಮೀಟರ್ ನಿಜ ಹೇಳಬೇಕು ಎಂಬ ಒಂದು ವಿಷಯದಲ್ಲಿ ಮಾತ್ರ ನೀವು ಬಿಟ್ಟುಕೊಡಬೇಡಿ.

ಈ ವಾರವೇ ವರ್ಕ್‌ಶಾಪಿಗೆ ಹೇಳಿ: ಹೊಸ ಕ್ಲಸ್ಟರ್ ಬೇಡ, ಟ್ಯಾಂಕ್ ಸೆಂಡರ್ ಕೆಲಸ ಮಾತ್ರ ನಿಮ್ಮದು. ಮೊದಲು ರೆಗ್ಯುಲೇಟರ್, ಆಮೇಲೆ ಸೆಂಡರ್, ಕೊನೆಗೆ ಸ್ಪೀಡೋಮೀಟರ್. ಈ ಕ್ರಮ ಬಿಡಬೇಡಿ. ಎಲ್ಲ ಮುಗಿದ ಮೇಲೆ ಥರ್ಮೋಸ್ಟಾಟ್ ಹೌಸಿಂಗ್ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಟೆಂಪರೇಚರ್ ಮುಳ್ಳು ಎಲ್ಲಿ ನಿಂತಿದೆ ನೋಡಿ, ಪೆಟ್ರೋಲ್ ತುಂಬಿಸಿದಾಗಲೆಲ್ಲ ಮುಳ್ಳಿನ ಸ್ಥಾನವನ್ನೂ ಗ್ಯಾಲನ್ ಲೆಕ್ಕವನ್ನೂ ಬರೆದಿಡಿ. ಮುಳ್ಳು ಮತ್ತು ಲೆಕ್ಕ ಕೂಡಿ ಬರುವವರೆಗೆ ದೂರದ ಪ್ರಯಾಣ ಬೇಡ. ಕೂಡಿ ಬಂದ ಮೇಲೆ ಧೈರ್ಯವಾಗಿ ಹೊರಡಿ.