ಸರ್ವರ್ ಯಾವ ಪೋರ್ಟ್‌ನಲ್ಲಿದೆ? ಊಹಿಸದೆ ಪತ್ತೆ ಮಾಡುವ ಬಗೆ

ವೆಬ್ ಕಲಿಯಲು ಕೂತವರಿಗೆಲ್ಲ ಶುರುವಿನಲ್ಲೇ ಎದುರಾಗುವ ತೊಡಕೊಂದಿದೆ. ಸರ್ವರ್ ಓಡುತ್ತಿದೆ ಎಂದು ಪರದೆ ಹೇಳುತ್ತದೆ, ಬ್ರೌಸರ್‌ನಲ್ಲಿ ಮಾತ್ರ ಪುಟ ಬರುವುದಿಲ್ಲ. ಇಲ್ಲವೇ ಪುಟ ಬರುತ್ತದೆ, ಅದರೊಳಗಿನ ಲಿಂಕ್ ಒತ್ತಿದರೆ ಬೇರೆಲ್ಲಿಗೋ ಹೋಗುತ್ತದೆ. ಕೆಂಕೆರೆಯ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಒಬ್ಬರೇ ಕೂತಿರುವಾಗ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲದಾಗ, ಇದು ಧೈರ್ಯಗೆಡಿಸುತ್ತದೆ. ನಿಮ್ಮ ಕೋಡ್ ಸರಿಯಾಗಿಯೇ ಇರಬಹುದು. ಮೊದಲು ಪೋರ್ಟ್ ನೋಡೋಣ.

ತಿಪಟೂರಿನ ಎಪಿಎಂಸಿ ಯಾರ್ಡ್ ನಿಮಗೆ ಗೊತ್ತು. ಯಾರ್ಡ್‌ನ ವಿಳಾಸ ಒಂದೇ, ಒಳಗೆ ಕೊಬ್ಬರಿ ಮಂಡಿಗಳು ಹಲವು. ನಿಮ್ಮ ಚೀಲ ಯಾವ ಮಂಡಿಯಲ್ಲಿ ಇಳಿಯಬೇಕು ಎಂದು ಹೇಳುವುದು ಅಂಗಡಿಯ ನಂಬರು. ಕಂಪ್ಯೂಟರ್‌ಗೂ ವಿಳಾಸ ಒಂದು, ಅದರೊಳಗೆ ಕೆಲಸ ಮಾಡುವ ಪ್ರೋಗ್ರಾಂಗಳು ಹಲವು. ಬಂದ ಮಾತು ಯಾವ ಪ್ರೋಗ್ರಾಂಗೆ ತಲುಪಬೇಕು ಎಂದು ಹೇಳುವ ಸಂಖ್ಯೆಯೇ ಪೋರ್ಟ್. ಅದು 16 ಬಿಟ್‌ನ ಸಂಖ್ಯೆಯಾದ್ದರಿಂದ 0ಯಿಂದ 65,535ರವರೆಗೆ ಇರಬಹುದು. ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443 ಎಂದು ಗೊತ್ತುಮಾಡಲಾಗಿದೆ. ಅವೆರಡನ್ನು ಬ್ರೌಸರ್ ತಾನೇ ಊಹಿಸಿಕೊಳ್ಳುತ್ತದೆ. ಉಳಿದ ಯಾವುದೇ ಪೋರ್ಟ್ ಇದ್ದರೆ ವಿಳಾಸದಲ್ಲಿ ಸರ್ವರ್ ಹೆಸರಿನ ಕೊನೆಗೆ ನಾವೇ ಬರೆಯಬೇಕು. ಕಲಿಯುವಾಗ ನಿಮಗೆ ಸಿಗುವ ಸಾಧನಗಳ ರೂಢಿಯ ಪೋರ್ಟ್‌ಗಳು ಇವು: ಜ್ಯಾಂಗೋಗೆ 8000, ಫ್ಲಾಸ್ಕ್‌ಗೆ 5000, ವೀಟ್‌ಗೆ 5173, ಟಾಮ್‌ಕ್ಯಾಟ್‌ಗೆ 8080, ಮೈಎಸ್‌ಕ್ಯೂಎಲ್‌ಗೆ 3306.

ಒಂದು ಪೋರ್ಟ್‌ನ ಬಗ್ಗೆ ಮಾತಾಡುವವರು ಮೂವರು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸರ್ವರ್ ನಿಜವಾಗಿ ಕಿವಿಗೊಟ್ಟಿರುವ ಪೋರ್ಟ್ ಮೊದಲನೆಯದು. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿರುವುದು ಎರಡನೆಯದು. ನಿಮ್ಮ ಪ್ರೋಗ್ರಾಂ ‘ನಾನು ಈ ಪೋರ್ಟ್‌ನಲ್ಲಿದ್ದೇನೆ’ ಎಂದು ನಂಬಿಕೊಂಡಿರುವುದು ಮೂರನೆಯದು. ಮೂರೂ ಒಂದೇ ಆಗಿದ್ದರೆ ತಕರಾರಿಲ್ಲ. ಪೋರ್ಟ್ ತಪ್ಪಾಗಿ ತೋರುತ್ತಿದೆ ಎಂದು ನಾವು ಹೇಳುವಾಗೆಲ್ಲ ಇವುಗಳಲ್ಲಿ ಯಾವುದೋ ಎರಡು ಬೇರೆಯಾಗಿರುತ್ತವೆ. ಯಾವ ಎರಡು ಎಂದು ಹುಡುಕುವುದೇ ನಮ್ಮ ಕೆಲಸ.

ತೋಟದ ಲೆಕ್ಕಕ್ಕೆ ಪುಟ್ಟ ಪುಟವೊಂದನ್ನು ಪಿಎಚ್‌ಪಿಯಲ್ಲಿ ಮಾಡುತ್ತಿದ್ದೀರಿ ಎನ್ನೋಣ. ಕೆಡವಿದ ಕಾಯಿ ಎಷ್ಟು, ಅಟ್ಟದಲ್ಲಿರುವ ಕೊಬ್ಬರಿ ಎಷ್ಟು, ಹರಾಜಿನಲ್ಲಿ ಸಿಕ್ಕ ಬೆಲೆ ಎಷ್ಟು, ಇಷ್ಟನ್ನು ಬರೆದಿಡುವ ಪುಟ. ವಿಂಡೋಸ್‌ನಲ್ಲಿ ಝ್ಯಾಂಪ್ ಹಾಕಿ ಅದರೊಳಗಿನ ಅಪಾಚೆ ವೆಬ್ ಸರ್ವರನ್ನು ಶುರುಮಾಡಿದರೆ, 80ನೇ ಪೋರ್ಟ್ ಬೇರೆಯವರ ಕೈಯಲ್ಲಿದೆ ಎಂಬ ದೂರು ಬರಬಹುದು. ಯಾರ ಕೈಯಲ್ಲಿ? ಊಹಿಸಬೇಡಿ, ಕಂಪ್ಯೂಟರನ್ನೇ ಕೇಳಿ. ಕಮಾಂಡ್ ಪ್ರಾಂಪ್ಟ್ ತೆರೆದು ‘ನೆಟ್‌ಸ್ಟ್ಯಾಟ್’ ಕಮಾಂಡನ್ನು ಟೈಪ್ ಮಾಡಿ, ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಎ, ಎನ್, ಓ ಅಕ್ಷರಗಳನ್ನು ಹಾಕಿ. ‘ಲಿಸನಿಂಗ್’ ಎಂದಿರುವ ಸಾಲುಗಳಲ್ಲಿ 80ರದನ್ನು ಹುಡುಕಿ. ಸಾಲಿನ ಕೊನೆಯಲ್ಲಿರುವ ಸಂಖ್ಯೆ ಆ ಪ್ರೋಗ್ರಾಂನ ಗುರುತು, ಅದೇ ಪಿಐಡಿ. ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ನಲ್ಲಿ ಅದೇ ಸಂಖ್ಯೆ ನೋಡಿದರೆ ಹೆಸರು ಸಿಗುತ್ತದೆ. ಪಿಐಡಿ 4 ಬಂದರೆ ಅದು ವಿಂಡೋಸ್‌ನದೇ ‘ಸಿಸ್ಟಮ್’. ಐಐಎಸ್ ಎಂಬ ವಿಂಡೋಸ್‌ನ ಸ್ವಂತ ವೆಬ್ ಸರ್ವರ್ ಚಾಲೂ ಇದ್ದಾಗ ಹೀಗೆ ಕಾಣುತ್ತದೆ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ ‘ಎಸ್‌ಎಸ್’, ಮ್ಯಾಕ್‌ನಲ್ಲಿ ‘ಎಲ್‌ಎಸ್‌ಓಎಫ್’ ಎಂಬ ಕಮಾಂಡ್‌ಗಳಿವೆ. 2021ರ ಮಾಂಟೆರೇ ಆವೃತ್ತಿಯಿಂದ ಮ್ಯಾಕ್‌ನ ಏರ್‌ಪ್ಲೇ ರಿಸೀವರ್ 5000ನೇ ಪೋರ್ಟನ್ನು ಹಿಡಿಯುತ್ತದೆ. ಫ್ಲಾಸ್ಕ್ ಕಲಿಯುವವರು ಅದನ್ನು ಮೊದಲು ನೋಡಿಕೊಳ್ಳಲಿ.

ಈಗ ನೀವು ಅಪಾಚೆಯ ಸೆಟ್ಟಿಂಗ್ ಫೈಲ್‌ನಲ್ಲಿ ‘ಲಿಸನ್’ ಸಾಲನ್ನು 8080 ಎಂದು ಬದಲಿಸಿ ಮತ್ತೆ ಶುರುಮಾಡುತ್ತೀರಿ. ಪುಟ ಬರುತ್ತದೆ. ಆದರೆ ಲೆಕ್ಕ ಉಳಿಸಿ ಮುಂದಿನ ಪುಟಕ್ಕೆ ಹೋದರೆ ಅದು 80ಕ್ಕೇ ಹೋಗಿ ಬೀಳಬಹುದು. ಇದು ಮೂರನೆಯದರ, ಅಂದರೆ ಪ್ರೋಗ್ರಾಂ ನಂಬಿಕೊಂಡಿರುವ ಪೋರ್ಟ್‌ನ ಎಡವಟ್ಟು. ಪಿಎಚ್‌ಪಿಯಲ್ಲಿ ‘ಸರ್ವರ್ ಪೋರ್ಟ್’ ಎಂಬ ಮೌಲ್ಯವನ್ನು ಓದಿ ಲಿಂಕ್ ಕಟ್ಟಿದ್ದೀರಿ, ಆ ಮೌಲ್ಯವನ್ನು ಕೊಡುವುದು ಅಪಾಚೆ. ‘ಯೂಸ್‌ಕೆನಾನಿಕಲ್‌ನೇಮ್’ ಎಂಬ ಸೆಟ್ಟಿಂಗ್ ಆನ್ ಆಗಿದ್ದರೆ, ಅದು ‘ಸರ್ವರ್‌ನೇಮ್’ ಸಾಲಿನಲ್ಲಿ ಬರೆದಿರುವ ಪೋರ್ಟನ್ನೇ ಹೇಳುತ್ತದೆ. ‘ಲಿಸನ್’ ಬದಲಿಸಿ ‘ಸರ್ವರ್‌ನೇಮ್’ನಲ್ಲಿ 80 ಹಾಗೇ ಬಿಟ್ಟಿದ್ದರೆ 80 ಎಂದೇ ಉತ್ತರ. ಆಫ್ ಆಗಿದ್ದರೆ ಬ್ರೌಸರ್ ತನ್ನ ಹೋಸ್ಟ್ ಸಾಲಿನಲ್ಲಿ ಕಳಿಸಿದ ಪೋರ್ಟನ್ನು ನಂಬುತ್ತದೆ. ನಿಜವಾಗಿ ಕಿವಿಗೊಟ್ಟಿರುವ ಪೋರ್ಟೇ ಬೇಕೆಂದರೆ, ‘ಸರ್ವರ್‌ನೇಮ್’ನಲ್ಲಿ ಪೋರ್ಟ್ ಬರೆಯದೆ, ‘ಯೂಸ್‌ಕೆನಾನಿಕಲ್‌ನೇಮ್’ ಜೊತೆಗೆ ‘ಯೂಸ್‌ಕೆನಾನಿಕಲ್‌ಫಿಸಿಕಲ್‌ಪೋರ್ಟ್’ ಕೂಡ ಆನ್ ಆಗಿರಬೇಕು. ‘ಲಿಸನ್’, ‘ಸರ್ವರ್‌ನೇಮ್’ ಎರಡನ್ನೂ ಒಟ್ಟಿಗೇ ಬದಲಿಸುವ ಅಭ್ಯಾಸ ಮಾಡಿಕೊಳ್ಳಿ. ಲಿಂಕ್‌ಗಳಲ್ಲಿ ಪೋರ್ಟನ್ನೇ ಬರೆಯದೆ, ಸೈಟ್‌ನೊಳಗಿನ ದಾರಿಯನ್ನಷ್ಟೇ ಬರೆದರೆ ಇನ್ನೂ ಒಳ್ಳೆಯದು. ಬ್ರೌಸರ್ ತಾನು ನಿಂತಿರುವ ಪೋರ್ಟ್‌ನಲ್ಲೇ ಮುಂದುವರಿಯುತ್ತದೆ.

ವೀಟ್‌ನಂಥ ಹೊಸ ಸಾಧನಗಳಲ್ಲಿ ತೊಡಕು ಬೇರೆ. ನಿಮ್ಮ ಪುಟದ ಹಳೆಯ ಪ್ರತಿಯಿಂದ ಶುರುಮಾಡಿದ ನಿನ್ನೆಯ ಸರ್ವರ್ ಇನ್ನೊಂದು ಕಿಟಕಿಯಲ್ಲಿ ಓಡುತ್ತಲೇ ಇದ್ದರೆ, ವೀಟ್ ದೂರು ಹೇಳಿ ನಿಲ್ಲುವುದಿಲ್ಲ, 5174ಕ್ಕೆ ಸರಿದು ಅಲ್ಲಿ ಶುರುವಾಗುತ್ತದೆ. ನೀವು ಅಭ್ಯಾಸಬಲದಿಂದ 5173 ತೆರೆದು ಹಳೆಯ ಪುಟವನ್ನೇ ನೋಡುತ್ತ, ‘ಎಷ್ಟು ತಿದ್ದಿದರೂ ಬದಲಾಗುತ್ತಿಲ್ಲವಲ್ಲ’ ಎಂದು ಒದ್ದಾಡುತ್ತೀರಿ. ಟರ್ಮಿನಲ್‌ನಲ್ಲಿ ಅಚ್ಚಾದ ವಿಳಾಸವನ್ನು ಪ್ರತಿಸಲ ಓದಿ. ‘ಸ್ಟ್ರಿಕ್ಟ್‌ಪೋರ್ಟ್’ ಆನ್ ಮಾಡಿದರೆ ಅದು ಸರಿಯದೆ, ತಪ್ಪನ್ನು ಹೇಳಿ ನಿಲ್ಲುತ್ತದೆ. ಕಲಿಯುವವರಿಗೆ ಇದೇ ಮೇಲು.

ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದೊಳಗೆ ಓಡಿಸುವ ಡಾಕರ್ ಬಳಸುವಾಗ 8080, ಆಮೇಲೆ ಕೋಲನ್, ಆಮೇಲೆ 80 ಎಂದು ಬರೆಯುತ್ತೇವೆ. ಎಡಗಡೆಯದು ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್, ಬಲಗಡೆಯದು ಕಂಟೇನರ್ ಒಳಗಿನದು. ಒಳಗಿನ ಸರ್ವರ್ 80 ಎಂದರೆ ಅದು ಸುಳ್ಳಲ್ಲ, ಅದಕ್ಕೆ ಕಾಣುವುದು ಅಷ್ಟೇ. ಬ್ರೌಸರ್‌ನಲ್ಲಿ ಮಾತ್ರ ಎಡಗಡೆಯದನ್ನು ಬರೆಯಬೇಕು.

ಪೋರ್ಟ್ ಸರಿಯಿದ್ದೂ ಪುಟ ಬಾರದಿದ್ದರೆ ವಿಳಾಸ ನೋಡಿ. ಲೋಕಲ್‌ಹೋಸ್ಟ್ ಎಂಬ ಹೆಸರಿಗೆ ಐಪಿವಿ4ರಲ್ಲಿ 127.0.0.1, ಐಪಿವಿ6ರಲ್ಲಿ ::1 ಎಂದು ಎರಡು ವಿಳಾಸಗಳಿವೆ. ಸರ್ವರ್ ಒಂದರಲ್ಲಿ ಮಾತ್ರ ಕಿವಿಗೊಟ್ಟು, ಬ್ರೌಸರ್ ಇನ್ನೊಂದನ್ನು ತಟ್ಟಬಹುದು. ನೆಟ್‌ಸ್ಟ್ಯಾಟ್ ಸಾಲಿನಲ್ಲಿ ಪೋರ್ಟ್‌ನ ಹಿಂದೆಯೇ ವಿಳಾಸವೂ ಇರುತ್ತದೆ. ಇದೇ ಪುಟವನ್ನು ಹಾಟ್‌ಸ್ಪಾಟ್ ಮೂಲಕ ಫೋನ್‌ನಲ್ಲಿ ನೋಡಬೇಕಾದರೆ 127.0.0.1 ಸಾಲದು, ಅದು ಲ್ಯಾಪ್‌ಟಾಪ್ ತನ್ನೊಳಗೆ ಮಾತಾಡಿಕೊಳ್ಳುವ ವಿಳಾಸ. ಸರ್ವರನ್ನು 0.0.0.0ಯಲ್ಲಿ ಶುರುಮಾಡಿ, ಫೋನ್‌ನಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನೂ ಪೋರ್ಟನ್ನೂ ಬರೆಯಿರಿ. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದರೆ ಮನೆಯ ಜಾಲಕ್ಕಷ್ಟೇ ಕೊಡಿ.

ಇದನ್ನು ಓದಿ ಬಿಡಬೇಡಿ, ಬೇಕೆಂದೇ ಒಂದು ಸಲ ಕೆಡಿಸಿ ನೋಡಿ. ಒಂದೇ ಪೋರ್ಟ್‌ನಲ್ಲಿ ಎರಡು ಸರ್ವರ್ ಶುರುಮಾಡಿ, ಬಂದ ದೂರನ್ನು ಪೂರ್ತಿ ಓದಿ, ಪಿಐಡಿ ಹುಡುಕಿ, ಮೊದಲನೆಯದನ್ನು ನಿಲ್ಲಿಸಿ ಎರಡನೆಯದನ್ನು ಮತ್ತೆ ಶುರುಮಾಡಿ. ಆಮೇಲೂ ಬಗೆಹರಿಯದ ತೊಡಕು ಬಂದು ಗೊತ್ತಿರುವ ಅಣ್ಣನನ್ನೋ ಅಕ್ಕನನ್ನೋ ಕೇಳುವಾಗ ‘ಓಡ್ತಿಲ್ಲ’ ಎನ್ನಬೇಡಿ. ಟರ್ಮಿನಲ್ ಏನು ಹೇಳಿತು, ನೆಟ್‌ಸ್ಟ್ಯಾಟ್ ಏನು ತೋರಿಸಿತು, ಬ್ರೌಸರ್‌ನಲ್ಲಿ ನೀವು ಬರೆದದ್ದೇನು, ಈ ಮೂರನ್ನು ಕಳಿಸಿ. ಅವರು ಬೆಂಗಳೂರಿನಲ್ಲಿ ಕೂತಿದ್ದರೂ ಫೋನ್‌ನಲ್ಲೇ ದಾರಿ ಹೇಳಬಲ್ಲರು. ಎಷ್ಟೋ ಸಲ ಆ ಮೂರನ್ನು ಒಂದರ ಕೆಳಗೊಂದು ಬರೆಯುವಾಗಲೇ ತಪ್ಪು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ.