ಕರ್ತನ ಬರೋಣಕ್ಕೆ ಸಿದ್ಧರಾಗಿರುವದು ಹೇಗೆ?

ಓದತಕ್ಕ ವೇದಭಾಗಗಳು: ಮತ್ತಾಯ 25: 1–46, 2 ಥೆಸಲೊನೀಕ 3: 6–13, ಯಾಕೋಬ 5: 1–9.



ನಮ್ಮ ಕರ್ತನಾದ ಯೇಸು ಕ್ರಿಸ್ತನು ಮಹಿಮೆಯಿಂದ ತಿರಿಗಿ ಬಂದು ಬದುಕುವವರಿಗೂ ಸತ್ತವರಿಗೂ ನ್ಯಾಯತೀರಿಸುವನೆಂದು ನಾವು ಸಭೆಯಲ್ಲಿ ಅರಿಕೆಮಾಡುತ್ತೇವೆ. ಆದರೆ ಈ ಮಾತನ್ನು ಬಾಯಿಂದ ಹೇಳುವದು ಒಂದು, ಅದನ್ನು ನಂಬಿ ಬಾಳುವದು ಮತ್ತೊಂದು. ಮಳೆ ತಪ್ಪಿದ ವರುಷದಲ್ಲಾಗಲಿ, ಯುದ್ಧದ ಸುದ್ದಿ ಹಬ್ಬಿದಾಗಲಾಗಲಿ, ಜಾಡ್ಯವು ಊರೂರಿಗೆ ತಗಲಿದಾಗಲಾಗಲಿ ಯಾವನಾದರೂ ಒಬ್ಬನು ಹಳ್ಳಿಗೆ ಬಂದು, ಇಂಥ ವರುಷದ ಇಂಥ ತಿಂಗಳಲ್ಲಿ ಲೋಕಾಂತ್ಯವಾಗುವದೆಂದು ಹೇಳುವದುಂಟು. ಆಗ ಕೆಲವರು ನಡುಗುತ್ತಾರೆ, ಕೆಲವರು ನಗುತ್ತಾರೆ, ಕೆಲವರು ಈ ಸಾರಿ ಬೀಜ ಬಿತ್ತಬೇಕೋ ಬಾರದೋ ಎಂದು ಸಂಶಯಪಡುತ್ತಾರೆ. ಹೇಳಿದ ದಿನವು ಬಂದು ಹೋದ ಮೇಲೆ ನಡುಗಿದವರೂ ನಕ್ಕವರ ಸಂಗಡ ಸೇರಿ, ಕರ್ತನು ಬರುವನೆಂಬ ಮಾತನ್ನೇ ಹಗುರವಾಗಿ ಎಣಿಸುತ್ತಾರೆ. ಬೀಜ ಬಿತ್ತದೆ ಹೋದ ನಷ್ಟಕ್ಕಿಂತ ಈ ನಷ್ಟವು ದೊಡ್ಡದು. ಆದದರಿಂದ ಸಿದ್ಧರಾಗಿರುವದೆಂದರೆ ಏನೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

1. ದಿನವನ್ನು ಎಣಿಸುವದು ಸಿದ್ಧತೆಯಲ್ಲ.

ಆ ದಿನವನ್ನೂ ಆ ಗಳಿಗೆಯನ್ನೂ ಮನುಷ್ಯರಾಗಲಿ, ಪರಲೋಕದ ದೂತರಾಗಲಿ, ಮಗನಾಗಲಿ ಅರಿಯರು, ತಂದೆಯೊಬ್ಬನೇ ಅರಿತಿದ್ದಾನೆಂದು ಕರ್ತನು ತಾನೇ ಹೇಳಿದನು (ಮಾರ್ಕ 13: 32). ಆತನು ಪರಲೋಕಕ್ಕೆ ಏರಿಹೋಗುವ ಮೊದಲು ಶಿಷ್ಯರು ಕಾಲವನ್ನು ಕುರಿತು ಕೇಳಿದಾಗ, ಅದನ್ನು ತಿಳಿಯುವದು ಅವರ ಕೆಲಸವಲ್ಲವೆಂದು ಹೇಳಿ, ಅವರ ಕೆಲಸವು ಯಾವದೆಂಬದನ್ನು ತೋರಿಸಿದನು: ಭೂಮಿಯ ಕಟ್ಟಕಡೆಯ ವರೆಗೂ ಆತನಿಗೆ ಸಾಕ್ಷಿಗಳಾಗಿರುವದೇ (ಅಪೊಸ್ತಲರ ಕೃತ್ಯಗಳು 1: 6–8). ಕೇಳಿದ್ದು ದಿನ, ದೊರಕಿದ್ದು ಕೆಲಸ. ಇದನ್ನು ಮರೆತವರಲ್ಲಿ ಭಕ್ತಿವಂತರೂ ಜ್ಞಾನಿಗಳೂ ಇದ್ದರು.

ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಬೋಧಕನಿದ್ದನು. ಅವನು 1687ರಲ್ಲಿ ಹುಟ್ಟಿ 1752ರಲ್ಲಿ ತೀರಿಹೋದನು. ಸಭೆಯ ಸೇವೆಗೆ ಸಿದ್ಧವಾಗುತ್ತಿದ್ದ ಹುಡುಗರಿಗೆ ಬಹು ವರುಷ ಕಲಿಸಿದನು. ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ 1734ರಲ್ಲಿ ಅದನ್ನು ಅಚ್ಚುಹಾಕಿಸಿದನು. ಇಂಥ ಮನುಷ್ಯನು ಪ್ರಕಟನೆಯ ಪುಸ್ತಕದ ಸಂಖ್ಯೆಗಳನ್ನು ಕೂಡಿಸಿ ಲೆಕ್ಕಮಾಡಿ, 1836ನೆಯ ವರುಷದಲ್ಲಿ ವಿರೋಧಿಯ ಬಲವು ಮುರಿದು ಸಾವಿರ ವರುಷದ ಆಳಿಕೆಯು ಪ್ರಾರಂಭವಾಗುವದೆಂದು ಬರೆದನು. ಆ ವರುಷವು ವಿಶೇಷ ಬದಲಾವಣೆಯಿಲ್ಲದೆ ಕಳೆದುಹೋದರೆ ತನ್ನ ಲೆಕ್ಕದಲ್ಲಿ ದೊಡ್ಡ ತಪ್ಪು ಇದೆಯೆಂದು ತಿಳಿಯಬೇಕೆಂದು ಅವನೇ ದೀನತೆಯಿಂದ ಹೇಳಿಟ್ಟನು. ಆದರೆ ಅವನನ್ನು ಓದಿದವರಲ್ಲಿ ಅನೇಕರು ಲೆಕ್ಕವನ್ನು ಹಿಡಿದುಕೊಂಡು ದೀನತೆಯನ್ನು ಬಿಟ್ಟರು. 1816ರಲ್ಲಿ ಬರಗಾಲವು ಬಂದ ತರುವಾಯ, 1817ರಲ್ಲಿ ಆ ಸೀಮೆಯ ಸಾವಿರಾರು ಜನರು ಮನೆಮಾರುಗಳನ್ನು ಬಿಟ್ಟು ರಷ್ಯಾದ ತೆಂಕಣ ಸೀಮೆಗಳಿಗೆ ಹೊರಟರು. ಅಂತ್ಯಕಾಲದಲ್ಲಿ ಆಶ್ರಯಸ್ಥಾನವು ಮೂಡಣ ದಿಕ್ಕಿನಲ್ಲಿರುವದೆಂದು ಅವರಲ್ಲಿ ಅನೇಕರು ನಂಬಿದ್ದರು. ಡ್ಯಾನ್ಯೂಬ್ ನದಿಯ ದಾರಿಯಲ್ಲಿಯೇ ಬಹು ಮಂದಿ ಜಾಡ್ಯದಿಂದ ಸತ್ತುಹೋದರು. ತರುವಾಯ 1836ನೆಯ ವರುಷವು ಬಂತು, ಮಿಕ್ಕ ವರುಷಗಳಂತೆ ಹೋಯಿತು.

ಅಮೆರಿಕದಲ್ಲಿಯೂ ಹೀಗೆಯೇ ಆಯಿತು. ವಿಲ್ಯಂ ಮಿಲ್ಲರ್ ಎಂಬ ಒಕ್ಕಲಿಗನು ದಾನಿಯೇಲನ ಗ್ರಂಥವನ್ನು ಓದಿ, ಕರ್ತನು 1843ರ ಸುಮಾರಿಗೆ ಬರುವನೆಂದು ಸಾರಿದನು. ಅದು ತಪ್ಪಿದ ಮೇಲೆ ಅವನ ಸಂಗಡಿಗರು 1844ನೆಯ ಅಕ್ಟೋಬರ್ 22ನೆಯ ದಿನವನ್ನು ಗೊತ್ತುಮಾಡಿದರು. ಕೆಲವರು ಬೆಳೆದ ಬೆಳೆಯನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ಮರುದಿನ ಸೂರ್ಯನು ಎಂದಿನಂತೆ ಮೂಡಿದಾಗ ಅವರು ಪಟ್ಟ ದುಃಖವು ಬಹಳ. ಅವರನ್ನು ಕುರಿತು ನಾವು ನಗಬಾರದು. ಅವರು ಕರ್ತನನ್ನು ಪ್ರೀತಿಸಿದರು. ಆದರೆ ಆತನು ಮರೆಮಾಡಿದ್ದನ್ನು ತೆರೆದು ನೋಡುವದಕ್ಕೆ ಆಶೆಪಟ್ಟರು.

ಇನ್ನೊಂದು ಸಂಗತಿಯನ್ನು ಕೇಳಿರಿ. ಇದು ನಮ್ಮ ನಾಡಿಗೆ ಸೇರಿದ್ದು. ಬೆಂಗೆಲನು ಲೆಕ್ಕಹಾಕಿದ ಆ 1836ನೆಯ ವರುಷದಲ್ಲಿಯೇ, ಅದೇ ವುರ್ಟೆಂಬೆರ್ಗ್ ಸೀಮೆಯಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗ್ ಎಂಬ 25 ವರುಷದ ಯೌವನಸ್ಥನು ಮಂಗಳೂರಿಗೆ ಬಂದನು. 1834ರಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮೂವರು ಬೋಧಕರು ಅಲ್ಲಿಗೆ ಬಂದಿದ್ದರು. ಮೋಗ್ಲಿಂಗನು ಕನ್ನಡವನ್ನು ಕಲಿತು, ಹುಡುಗರಿಗೆ ಕಲಿಸಿ, 1843ರಲ್ಲಿ ಮಂಗಳೂರ ಸಮಾಚಾರವೆಂಬ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯನ್ನು ಹೊರಡಿಸಿದನು. ಅಂತ್ಯವೆಂದು ಕೆಲವರು ಎಣಿಸಿದ ವರುಷವು ನಮ್ಮವರಿಗೆ ಆರಂಭವಾಯಿತು. ಎಲ್ಲರೂ ಆಕಾಶವನ್ನು ನೋಡುತ್ತಾ ಮನೆಯಲ್ಲಿ ಕೂತಿದ್ದರೆ ಸುವಾರ್ತೆಯು ನಮ್ಮ ಅಜ್ಜಂದಿರ ಕಿವಿಗೆ ಯಾರಿಂದ ಬೀಳುತ್ತಿತ್ತು?

2. ಕೆಲಸವನ್ನು ಬಿಟ್ಟು ಕೂತಿರುವದು ಸಿದ್ಧತೆಯಲ್ಲ.

ಥೆಸಲೊನೀಕದ ಸಭೆಯು ಹೊಸ ಸಭೆಯು. ವಿಗ್ರಹಗಳನ್ನು ಬಿಟ್ಟು ಜೀವವುಳ್ಳ ದೇವರ ಕಡೆಗೆ ತಿರುಗಿದವರ ಸಭೆಯು. ಕರ್ತನ ದಿನವು ಆಗಲೇ ಬಂತೆಂದು ಯಾರೋ ಅವರನ್ನು ಕದಲಿಸಿದರು. ಕೆಲವರು ದುಡಿಯುವದನ್ನು ಬಿಟ್ಟು, ಪರರ ಮನೆಯ ಕಾರ್ಯಗಳಲ್ಲಿ ಕೈಹಾಕುತ್ತಾ, ಇತರರ ಅನ್ನವನ್ನು ತಿನ್ನುತ್ತಿದ್ದರು. ಅಪೊಸ್ತಲನಾದ ಪೌಲನು ಇವರನ್ನು ಹೆಚ್ಚು ಭಕ್ತರೆಂದು ಹೊಗಳಿದನೋ? ಇಲ್ಲ. ದುಡಿಯಲೊಲ್ಲದವನು ಉಣ್ಣಲೂ ಬಾರದೆಂದು ಖಂಡಿತವಾಗಿ ಹೇಳಿ, ತಾನು ಹಗಲೂ ಇರುಳೂ ಕೈಯಿಂದ ದುಡಿದದ್ದನ್ನು ಅವರ ನೆನಪಿಗೆ ತಂದನು.

ಯಾಕೋಬನು ಕರ್ತನ ಬರೋಣವನ್ನು ಕಾದುಕೊಂಡಿರಬೇಕೆಂದು ಹೇಳುವಾಗ ಯಾರನ್ನು ಮಾದರಿಯಾಗಿ ತೋರಿಸುತ್ತಾನೆ? ಅರಸನನ್ನಲ್ಲ, ಶಾಸ್ತ್ರಿಯನ್ನಲ್ಲ, ಒಕ್ಕಲಿಗನನ್ನೇ. ಒಕ್ಕಲಿಗನು ಮುಂಗಾರು ಹಿಂಗಾರು ಮಳೆಗಳಿಗಾಗಿ ತಾಳ್ಮೆಯಿಂದ ಕಾಯುತ್ತಾನೆ. ಕಾಯುವದೆಂದರೆ ಜಗಲಿಯ ಮೇಲೆ ಮಲಗುವದೋ? ಮಳೆ ಬರುವ ಮೊದಲು ಅವನು ಹೊಲವನ್ನು ಹರಗುತ್ತಾನೆ, ಗೊಬ್ಬರವನ್ನು ಹೊರುತ್ತಾನೆ, ಬದುವನ್ನು ಕಟ್ಟುತ್ತಾನೆ, ಹಸಿವೆಯಾದರೂ ಬೀಜದ ಕಾಳನ್ನು ಮುಟ್ಟದೆ ಕಾಪಾಡುತ್ತಾನೆ. ಮಳೆಯ ದಿನವು ಅವನಿಗೆ ಗೊತ್ತಿಲ್ಲ. ಗೊತ್ತಿಲ್ಲದ್ದರಿಂದಲೇ ಅವನು ಮೊದಲೇ ಸಿದ್ಧನಾಗಿರುತ್ತಾನೆ.

1780ನೆಯ ಮೇ 19ರಲ್ಲಿ ಅಮೆರಿಕದ ಈಶಾನ್ಯ ಸೀಮೆಯಲ್ಲಿ ನಡುಹಗಲಿಗೆ ಕತ್ತಲೆ ಕವಿಯಿತು. ಕಾಡುಗಿಚ್ಚಿನ ಹೊಗೆಯು ಮೋಡದೊಡನೆ ಕೂಡಿ ಬಿಸಿಲನ್ನು ಮುಚ್ಚಿದ್ದೇ ಇದಕ್ಕೆ ಕಾರಣವೆಂದು ಈಗ ಗೊತ್ತಾಗಿದೆ; ಆಗ ಜನರಿಗೆ ಅದು ತಿಳಿಯದು. ನ್ಯಾಯತೀರ್ಪಿನ ದಿನವು ಬಂತೆಂದು ಅನೇಕರು ಹೆದರಿದರು. ಕನೆಕ್ಟಿಕಟ್ ಸಂಸ್ಥಾನದ ಆಲೋಚನಾಸಭೆಯಲ್ಲಿ, ಕೆಲಸವನ್ನು ನಿಲ್ಲಿಸಿ ಮನೆಗೆ ಹೋಗಬೇಕೆಂಬ ಮಾತು ಹುಟ್ಟಿತು. ಆಗ ಅಬ್ರಹಾಮ್ ಡೇವನ್‌ಪೋರ್ಟ್ ಎಂಬ ಸಭಾಸದನು ಒಪ್ಪದೆ, ಆ ದಿನವು ಬಾರದಿದ್ದರೆ ಎದ್ದುಹೋಗುವದಕ್ಕೆ ಕಾರಣವಿಲ್ಲ, ಬಂದಿದ್ದರೆ ತನ್ನ ಕೆಲಸವನ್ನು ಮಾಡುತ್ತಿರುವಾಗಲೇ ಕಾಣಿಸಿಕೊಳ್ಳುವದು ತನಗೆ ಇಷ್ಟವೆಂಬ ಅರ್ಥದಲ್ಲಿ ಮಾತಾಡಿ, ದೀಪಗಳನ್ನು ತರಿಸಬೇಕೆಂದು ಕೇಳಿಕೊಂಡನು. ಪ್ರಿಯರೇ, ಇದು ಧೈರ್ಯದ ಮಾತು ಮಾತ್ರವಲ್ಲ, ಕರ್ತನ ಮಾತಿಗೆ ಒಪ್ಪುವ ಮಾತು. ದಣಿಯು ಬಂದಾಗ ಯಾವ ಆಳು ಒಪ್ಪಿಸಿದ ಕೆಲಸದಲ್ಲಿ ಇರುವನೋ ಅವನೇ ಧನ್ಯನೆಂದು ಆತನು ಹೇಳಲಿಲ್ಲವೇ (ಮತ್ತಾಯ 24: 46)?

3. ಎಣ್ಣೆಯುಳ್ಳವರಾಗಿರುವದೇ ಸಿದ್ಧತೆಯು.

ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಆದರೂ ಅದರಲ್ಲಿ ನಾವು ಸಾಧಾರಣವಾಗಿ ಗಮನಿಸದ ಎರಡು ಸಂಗತಿಗಳುಂಟು.

ಮೊದಲನೆಯದು: ಮದಲಿಂಗನು ತಡಮಾಡಿದಾಗ ಐವರಲ್ಲ, ಹತ್ತು ಮಂದಿಯೂ ನಿದ್ದೆಹೋದರು. ಹಗಲೆಲ್ಲಾ ದುಡಿದು ಇರುಳು ಮಲಗುವದು ಪಾಪವಲ್ಲ. ಬುದ್ಧಿವಂತೆಯರು ಮಲಗುವ ಮೊದಲೇ ಎಣ್ಣೆಯನ್ನು ಪಾತ್ರೆಯಲ್ಲಿ ಇಟ್ಟುಕೊಂಡಿದ್ದರು. ಆದದರಿಂದ ಅವರ ನಿದ್ದೆಯು ಸಮಾಧಾನದ ನಿದ್ದೆ. ಮಿಕ್ಕವರ ನಿದ್ದೆಯು ಮೋಸದ ನಿದ್ದೆ. ನಾವು ಸಹ ಕರ್ತನು ಬರುವ ಮೊದಲೇ ಸಮಾಧಿಯಲ್ಲಿ ಮಲಗಬಹುದು. ನಮಗಿಂತ ಮುಂಚೆ ಎಷ್ಟೋ ಮಂದಿ ಹಾಗೆ ಮಲಗಿದರು. ಪ್ರತಿಯೊಬ್ಬನ ಮರಣದ ಗಳಿಗೆಯೂ ಅವನಿಗೆ ನಡುರಾತ್ರಿಯ ಕೂಗೇ ಆಗಿರುತ್ತದೆ.

ಎರಡನೆಯದು: ಆ ಎಣ್ಣೆಯನ್ನು ಸಾಲವಾಗಿ ಕೊಡಲಿಕ್ಕೆ ಆಗಲಿಲ್ಲ. ನಮ್ಮ ಹಳ್ಳಿಗಳಲ್ಲಿ ದೀಪಕ್ಕೆ ಎಣ್ಣೆ ತೀರಿದರೆ ನೆರೆಮನೆಗೆ ಹೋಗಿ ಕೇಳುತ್ತೇವೆ, ಇಲ್ಲವೆನ್ನುವವರು ಕಡಿಮೆ. ಆದರೆ ತಾಯಿಯ ಪ್ರಾರ್ಥನೆಯು ಮಗನ ಪಾತ್ರೆಯಲ್ಲಿ ಎಣ್ಣೆಯಾಗದು. ಅಜ್ಜನು ಜಾತಿಯವರ ಹಿಂಸೆಯನ್ನು ತಾಳಿ ಸ್ನಾನ ಹೊಂದಿದ್ದು ಮೊಮ್ಮಗನ ನಂಬಿಕೆಯಾಗದು. ಸಭೆಯ ಪಟ್ಟಿಯಲ್ಲಿ ಹೆಸರಿರುವದು, ಹಬ್ಬದ ದಿನ ಬಿಳೀ ಬಟ್ಟೆಯುಟ್ಟು ಮುಂದೆ ಕೂತುಕೊಳ್ಳುವದು, ಇವು ದೀಪದ ಬುಡ್ಡಿಯ ಹಾಗೆ. ಬುಡ್ಡಿ ಎಷ್ಟು ಹೊಳೆದರೂ ಎಣ್ಣೆಯಿಲ್ಲದೆ ಬೆಳಕಿಲ್ಲ. ಹಿರಿಯರ ನಂಬಿಕೆಯಿಂದ ಕ್ರೈಸ್ತರೆನಿಸಿಕೊಂಡ ನಮ್ಮಲ್ಲಿ ಅನೇಕರಿಗೆ ಈ ಮಾತು ಚೂಪಾದದ್ದು. ಅದು ಚುಚ್ಚಲಿ, ಬಾಗಲು ಮುಚ್ಚಿದ ಮೇಲೆ ಅಳುವದಕ್ಕಿಂತ ಈಗ ನೋಯುವದು ಲೇಸು.

4. ಈ ಎಣ್ಣೆಯು ದಿನದಿನದ ಬಾಳಿನಲ್ಲಿ ಹೇಗೆ ಕಾಣಿಸುತ್ತದೆ?

ಕರ್ತನು ಕನ್ನಿಕೆಯರ ಸಾಮ್ಯವನ್ನು ಹೇಳಿ ಸುಮ್ಮನಾಗಲಿಲ್ಲ. ಅದೇ ಅಧ್ಯಾಯದಲ್ಲಿ ತಲಾಂತುಗಳ ಸಾಮ್ಯವನ್ನೂ, ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವ ನ್ಯಾಯತೀರ್ಪನ್ನೂ ಹೇಳಿದನು. ಮೂರನ್ನೂ ಕೂಡಿಸಿ ಓದಿದರೆ ಅರ್ಥವು ತಿಳಿಯುತ್ತದೆ. ಆ ದಿನದಲ್ಲಿ ಅರಸನು ಯಾರನ್ನೂ ವರುಷದ ಲೆಕ್ಕವನ್ನು ಕೇಳುವದಿಲ್ಲ. ಹಸಿದವನಿಗೆ ಊಟ ಕೊಟ್ಟರೋ, ರೋಗಿಯನ್ನು ನೋಡಿದರೋ, ಪರದೇಶಿಯನ್ನು ಒಳಗೆ ಕರೆದರೋ ಎಂಬದನ್ನೇ ಎಣಿಸುತ್ತಾನೆ.

ಯಾಕೋಬನಾದರೋ ಇನ್ನೂ ಹತ್ತಿರಕ್ಕೆ ಬರುತ್ತಾನೆ. ಹೊಲ ಕೊಯ್ದ ಕೂಲಿಯಾಳಿನಿಂದ ಹಿಡಿದುಕೊಂಡ ಕೂಲಿಯು ಕೂಗುತ್ತದೆಂದು ಹೇಳಿ, ಅದರ ಹಿಂದೆಯೇ ನ್ಯಾಯಾಧಿಪತಿಯು ಬಾಗಲಲ್ಲಿ ನಿಂತಿದ್ದಾನೆಂದು ಎಚ್ಚರಿಸುತ್ತಾನೆ. ಹೀಗಿರಲಾಗಿ, ಅಂತ್ಯಕಾಲದ ಗುರುತುಗಳನ್ನು ಕುರಿತು ಗಂಟೆಗಟ್ಟಲೆ ಮಾತಾಡಿ, ಮನೆಯ ಆಳಿಗೆ ಸಲ್ಲತಕ್ಕ ಕೂಲಿಯನ್ನು ನಾಳೆ ನಾಳೆ ಎಂದು ತಳ್ಳುವವನು ಸಿದ್ಧನೋ? ಬದುವಿನ ಜಗಳದಿಂದ ಒಡಹುಟ್ಟಿದವನ ಸಂಗಡ ಮಾತಾಡದೆ ಕರ್ತನ ಭೋಜನಕ್ಕೆ ಬರುವವನು ಸಿದ್ಧನೋ? ಮದುವೆಯ ಆಡಂಬರಕ್ಕಾಗಿ ತೀರಿಸಲಾರದ ಸಾಲವನ್ನು ಮಾಡಿ ಮಕ್ಕಳನ್ನು ಸಾಹುಕಾರನ ಕೈಗೆ ಒಪ್ಪಿಸುವವನು ಸಿದ್ಧನೋ? ಇದಕ್ಕೆ ಪ್ರತಿಯಾಗಿ, ಇರುಳು ಮಕ್ಕಳನ್ನು ಕೂಡಿಸಿಕೊಂಡು ನಾಲ್ಕು ವಚನಗಳನ್ನು ಓದಿಸುವ ವಿಧವೆಯೂ, ಬೀದಿಯ ಕೊನೆಯಲ್ಲಿರುವ ರೋಗಿಗೆ ಗಂಜಿಯನ್ನು ಕೊಂಡುಹೋಗುವ ಹುಡುಗಿಯೂ, ತಕ್ಕಡಿಯನ್ನು ಸರಿಯಾಗಿ ಹಿಡಿಯುವ ಅಂಗಡಿಯವನೂ ಕರ್ತನ ದಿನಕ್ಕೆ ಎದುರಾಗಿ ದೀಪ ಹಿಡಿದು ನಿಂತಿದ್ದಾರೆ.

ಆದರೆ ಯಾರೂ ತಪ್ಪು ತಿಳಿಯಬಾರದು. ಈ ಕ್ರಿಯೆಗಳಿಂದ ನಾವು ಪರಲೋಕವನ್ನು ಕೊಂಡುಕೊಳ್ಳುವದಿಲ್ಲ. ಕ್ರಿಸ್ತನ ರಕ್ತದಿಂದ ಪಾಪಕ್ಷಮೆಯು ಧರ್ಮಾರ್ಥವಾಗಿ ದೊರಕುತ್ತದೆ. ಆತನ ಆತ್ಮನು ನಂಬುವವರಲ್ಲಿ ವಾಸಿಸುತ್ತಾನೆ. ಆ ಎಣ್ಣೆಯಿಂದ ಉರಿಯುವ ಬೆಳಕೇ ಈ ಕ್ರಿಯೆಗಳು. ಎಣ್ಣೆಯು ಹಣವಿಲ್ಲದೆ ದೊರಕುತ್ತದೆ. ಆದರೆ ಅಂಗಡಿಯು ತೆರೆದಿರುವಾಗ ಹೋಗಬೇಕು.

5. ಭಯದಿಂದಲ್ಲ, ಸಂತೋಷದಿಂದ ಕಾದುಕೊಳ್ಳಬೇಕು.

ಕರ್ತನು ತನ್ನ ಬರೋಣವನ್ನು ಕಳ್ಳನ ಬರೋಣಕ್ಕೆ ಹೋಲಿಸಿದ್ದುಂಟು. ಎಚ್ಚರವಿಲ್ಲದವರಿಗೆ ಅದು ಹಾಗೆಯೇ. ಎಚ್ಚರವಾಗಿರುವವರಿಗಾದರೋ ಅದು ಮದುವೆಯ ದಿಬ್ಬಣವು. ಬರುವಾತನು ಅಪರಿಚಿತನಲ್ಲ, ನಮಗೋಸ್ಕರ ಕೈಗಳಲ್ಲಿ ಮೊಳೆಗಳ ಗಾಯಗಳನ್ನು ಹೊಂದಿದಾತನೇ. ಇಷ್ಟು ತಡವೇಕೆಂದು ಬೇಸರಪಡುವವನು ಪೇತ್ರನ ಮಾತನ್ನು ನೆನಸಲಿ: ಯಾರೂ ನಾಶವಾಗದೆ ಎಲ್ಲರೂ ತಿರುಗಿಕೊಳ್ಳಬೇಕೆಂದು ಆತನು ದೀರ್ಘಶಾಂತನಾಗಿದ್ದಾನೆ (2 ಪೇತ್ರ 3: 9). ಈ ತಡವು ನಮ್ಮ ಮೇಲಣ ಕರುಣೆಯೇ. ಇನ್ನೂ ಒಂದು ದಿನ ದೊರಕಿದರೆ, ಜಗಳವನ್ನು ತೀರಿಸುವದಕ್ಕೂ ನೆರೆಯವನಿಗೆ ಸುವಾರ್ತೆಯನ್ನು ಹೇಳುವದಕ್ಕೂ ಒಂದು ದಿನ ದೊರಕಿದ ಹಾಗಾಯಿತು.

ಆದದರಿಂದ ಇಂಥ ದಿನ ಲೋಕಾಂತ್ಯವೆಂಬ ಸುದ್ದಿಯು ನಿಮ್ಮ ಊರಿಗೆ ಬಂದರೆ ಕಳವಳಪಡಬೇಡಿರಿ, ನಗಲೂ ಬೇಡಿರಿ. ಆ ಇರುಳು ನಿಮ್ಮ ಪಾತ್ರೆಯಲ್ಲಿ ಎಣ್ಣೆ ಇದೆಯೋ ಎಂದು ದೇವರ ಮುಂದೆ ನೋಡಿಕೊಳ್ಳಿರಿ. ಬೆಳಿಗ್ಗೆ ಎದ್ದು ನೇಗಿಲನ್ನು ಹೊಲಕ್ಕೆ ಒಯ್ಯಿರಿ. ಕರ್ತನು ಬಂದರೆ ಸಾಲಿನಲ್ಲಿ ನಿಮ್ಮನ್ನು ಕಾಣಲಿ. ತಡಮಾಡಿದರೆ ಬಡವರಿಗೆ ಹಂಚಲಿಕ್ಕೆ ನಿಮ್ಮ ಕಣದಲ್ಲಿ ಕಾಳಿರಲಿ.

ಮನೆಯವರು ಕೂಡಿ ಆಲೋಚಿಸತಕ್ಕ ಪ್ರಶ್ನೆಗಳು.

1. ಕರ್ತನು ಆ ದಿನವನ್ನು ನಮಗೆ ಯಾಕೆ ತಿಳಿಸಲಿಲ್ಲ? ತಿಳಿಸಿದ್ದರೆ ನಾವು ಹೇಗೆ ಬಾಳುತ್ತಿದ್ದೆವು?
2. ಥೆಸಲೊನೀಕದವರಲ್ಲಿ ಕೆಲವರು ಮಾಡಿದ ತಪ್ಪು ಯಾವದು? ಪೌಲನು ಅದನ್ನು ಹೇಗೆ ತಿದ್ದಿದನು?
3. ಎಣ್ಣೆಯನ್ನು ಸಾಲವಾಗಿ ಪಡೆಯಲಾಗದೆಂಬ ಮಾತು ನಮ್ಮ ಮನೆಯಲ್ಲಿ ಯಾರಿಗೆ ತಗಲುತ್ತದೆ?
4. ಕರ್ತನು ಈ ಇರುಳೇ ಬರುವದಾದರೆ, ಹೊತ್ತು ಮುಳುಗುವ ಮೊದಲು ನಾವು ಯಾರ ಮನೆಗೆ ಹೋಗಬೇಕು, ಯಾರಿಗೆ ಏನನ್ನು ಸಲ್ಲಿಸಬೇಕು? ಹಾಗಾದರೆ ಈ ಹೊತ್ತೇ ಯಾಕೆ ಹೋಗಬಾರದು?