ಮುದ್ದಿಡುವದಕ್ಕೆ ಗ್ರೀಕರ ಒಂದು ಅಪರೂಪವಾದ ಪದ

ಇಸ್ಕರಿಯೋತ ಯೂದನು ಗೆತ್ಸೇಮನೆಯಲ್ಲಿ ಕರ್ತನಿಗೆ ಮುದ್ದಿಟ್ಟ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಮೂಲ ಗ್ರೀಕ್ ಭಾಷೆಯಲ್ಲಿ ಮಾರ್ಕನು ಅಲ್ಲಿ ಒಂದೇ ಪದವನ್ನು ಬರೆಯಲಿಲ್ಲ. ಯೂದನು ಗುರುತನ್ನು ಹೇಳಿಕೊಡುವಾಗ ಇರುವದು ಫಿಲೆಯೋ ಎಂಬ ಪದ. ಹತ್ತಿರ ಬಂದು ಮುದ್ದಿಟ್ಟಾಗ ಇರುವದು ಕತಫಿಲೆಯೋ (ಮಾರ್ಕ 14:44, 45). ಮತ್ತಾಯನೂ ಹಾಗೆಯೇ ಬರೆದಿದ್ದಾನೆ.

ಫಿಲೆಯೋ ಎಂದರೆ ಪ್ರೀತಿಸು. ಮುದ್ದಿಡು ಎಂಬ ಅರ್ಥವೂ ಅದಕ್ಕೆ ಉಂಟು. ಇದು ನಮಗೆ ವಿಚಿತ್ರವಲ್ಲ. ಮುದ್ದು ಎಂಬ ನಮ್ಮ ಮಾತು ಸಹ ತಾಯಿಯ ಅಕ್ಕರೆಗೂ ಆಕೆ ಕೂಸಿನ ಕೆನ್ನೆಗೆ ಕೊಡುವದಕ್ಕೂ ಸಲ್ಲುತ್ತದಲ್ಲವೇ? ಇನ್ನು ಕತ ಎಂಬದು ಉಪಸರ್ಗ. ಕೆಳಗೆ ಎಂಬದು ಅದರ ಮೂಲಾರ್ಥ. ಕ್ರಿಯಾಪದಕ್ಕೆ ಸೇರಿದಾಗ ಅದು ಅನೇಕ ಸಾರಿ ಆ ಕ್ರಿಯೆಗೆ ಬಲವನ್ನು ಕೊಡುತ್ತದೆ. ತಪ್ಪಿಹೋದ ಮಗನ ಅಣ್ಣನು ತಮ್ಮನನ್ನು ದೂರುತ್ತಾ, ಅವನು ಬದುಕನ್ನು ತಿಂದನೆಂದು ಹೇಳದೆ ನುಂಗಿಬಿಟ್ಟನೆಂದು ಹೇಳುವ ಪದದಲ್ಲಿಯೂ ಇದೇ ಕತ ಇದೆ (ಲೂಕ 15:30). ಆ ಪ್ರಕಾರ ಕತಫಿಲೆಯೋ ಎಂದರೆ ಮನದಣಿಯೆ ಮತ್ತೆ ಮತ್ತೆ ಮುದ್ದಿಡುವದು.

ಆದಾಗ್ಯೂ ಉಪಸರ್ಗವೊಂದರ ಮೇಲೆ ಎಲ್ಲಾ ಭಾರವನ್ನು ಹೊರಿಸುವದು ಸರಿಯಲ್ಲ. ಯಾಕಂದರೆ ಹಳೇ ಒಡಂಬಡಿಕೆಯ ಪುರಾತನ ಗ್ರೀಕ್ ಭಾಷಾಂತರದಲ್ಲಿ ಸಾಧಾರಣ ವಂದನೆಯ ಮುದ್ದಿಗೂ ಈ ಪದವು ಬಂದಿದೆ. ಯೋವಾಬನು ಅಮಾಸನ ಗಡ್ಡವನ್ನು ಹಿಡಿದು, ಮುದ್ದಿಡುವವನಂತೆ ಬಾಗಿ, ಕತ್ತಿಯಿಂದ ತಿವಿದ ಕಡೆಯಲ್ಲಿಯೂ ಇದೇ ಪದವಿದೆ (2 ಸಮುವೇಲ 20:9, 10). ಯೂದನ ಕಥೆಯನ್ನು ಗ್ರೀಕಿನಲ್ಲಿ ಓದಿದವರಿಗೆ ಯೋವಾಬನ ನೆನಪು ಬಂದಿದ್ದರೆ ಆಶ್ಚರ್ಯವಿಲ್ಲ.

ಹೊಸ ಒಡಂಬಡಿಕೆಯಲ್ಲಿ ಈ ಪದವು ಆರು ಸಾರಿ ಮಾತ್ರ ಸಿಕ್ಕುತ್ತದೆ. ಎರಡು ಯೂದನವು, ಉಳಿದ ನಾಲ್ಕೂ ಲೂಕನು ಬರೆದವುಗಳು. ಫರಿಸಾಯನಾದ ಸೀಮೋನನ ಮನೆಯಲ್ಲಿ ಪಾಪಿಯಾದ ಹೆಂಗಸು ಅಳುತ್ತಾ ಕರ್ತನ ಪಾದಗಳಿಗೆ ಮುದ್ದಿಟ್ಟದ್ದು ಒಂದು. ಸೀಮೋನನು ಬರಿಯ ಮುದ್ದನ್ನೂ ಕೊಡಲಿಲ್ಲ, ಈಕೆಯಾದರೋ ಬಿಡದೆ ಮುದ್ದಿಟ್ಟಳೆಂದು ಕರ್ತನು ಹೇಳುವಾಗ ಎರಡು ಪದಗಳೂ ಎದುರೆದುರಾಗಿ ನಿಲ್ಲುತ್ತವೆ (ಲೂಕ 7:38, 45). ಹಂದಿ ಕಾಯ್ದು ಬಂದ ಮಗನನ್ನು ತಂದೆಯು ಓಡಿಹೋಗಿ ತಬ್ಬಿಕೊಂಡಾಗಲೂ ಇದೇ ಪದ. ಮಗನು ಇನ್ನೂ ಬಾಯಿ ತೆರೆದಿರಲಿಲ್ಲ.

ಲೂಕನು ಯೂದನಿಗೆ ಮಾತ್ರ ಈ ಪದವನ್ನು ಕೊಡಲಿಲ್ಲ. ಮುದ್ದಿಡುವದಕ್ಕೆ ಹತ್ತಿರ ಬಂದನೆಂದು ಫಿಲೆಯೋ ಎಂಬ ಪದದಿಂದಲೇ ಹೇಳಿ ಮುಗಿಸಿದನು (22:47). ಕಡೇ ಸಾರಿ ಅವನು ಅದನ್ನು ಬರೆದದ್ದು ಮಿಲೇತದಲ್ಲಿ ಎಫೆಸದ ಸಭೆಯ ಹಿರಿಯರು ಪೌಲನ ಕೊರಳನ್ನು ತಬ್ಬಿಕೊಂಡು, ಇನ್ನು ಅವನ ಮುಖವನ್ನು ಕಾಣೆವೆಂದು ಅತ್ತು, ಅವನನ್ನು ಹಡಗಿನ ವರೆಗೆ ಸಾಗಕಳುಹಿಸಿದಾಗ (ಅಪೊಸ್ತಲರ ಕೃತ್ಯಗಳು 20:37, 38).